ಜೊತೆಯವರ ಓದಿನ ಗುಂಪಿನಲ್ಲಿ ಪ್ರಶ್ನೆ ಕೇಳುವುದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು: ನಾನು ಕಾಲೇಜಿನಲ್ಲಿ ಎರಡನೇ ವರ್ಷ. ಮೊದಲ ವರ್ಷದವರಿಗೆ ವಾರಕ್ಕೊಮ್ಮೆ ಫಿಸಿಕ್ಸ್ ಓದಿನ ಗುಂಪು ನಡೆಸುತ್ತಿದ್ದೇನೆ. ಹನ್ನೆರಡು ಜನ ಬರುತ್ತಾರೆ. ನಾನು ಪ್ರಶ್ನೆ ಕೇಳಿದ ತಕ್ಷಣ ಎಲ್ಲರೂ ನೋಟ್ಸ್ ಕಡೆ ತಲೆ ಬಗ್ಗಿಸಿಬಿಡುತ್ತಾರೆ. ಕೊನೆಗೆ ನಾನೇ ಉತ್ತರ ಹೇಳಿ, ನಾನೇ ಬೋರ್ಡ್ ತುಂಬಿಸಿ ಬರುತ್ತೇನೆ. ಇಂಥ ಗುಂಪು ನಡೆಸಿದವರು ಏನು ಮಾಡಿದಿರಿ?

ಉತ್ತರ 1: ಎರಡು ವರ್ಷ ನಡೆಸಿದ್ದೇನೆ. ನನಗೂ ಮೊದಲ ತಿಂಗಳು ಹೀಗೇ ಆಗಿತ್ತು. ಒಂದು ದಿನ ಗೆಳತಿಯೊಬ್ಬಳನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡು ಅಂದೆ. ಮುಗಿದ ಮೇಲೆ ಅವಳು ಹೇಳಿದ್ದು ಇಷ್ಟೇ: "ನೀನು ಕೇಳಿ ಉಸಿರು ಬಿಡೋದರೊಳಗೆ ಉತ್ತರ ಶುರು ಮಾಡ್ತೀಯ. ಅವರು ಯೋಚನೆ ಮಾಡೋದು ಯಾವಾಗ?"

ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಅಳೆದು ತೋರಿಸಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡ್. 3 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುವವರು ಕಡಿಮೆಯಾದರು. 3 ಸೆಕೆಂಡ್ ಅಂದರೆ ಏನು ಮಹಾ ಅನ್ನಿಸುತ್ತೆ ಅಲ್ವಾ? ಬೋರ್ಡ್ ಮುಂದೆ ನಿಂತು ನೋಡಿ, ಅದು ಮುಗಿಯುವುದೇ ಇಲ್ಲ. ನಾನು ನೀರಿನ ಬಾಟಲಿ ಇಟ್ಟುಕೊಳ್ಳುತ್ತಿದ್ದೆ. ಪ್ರಶ್ನೆ ಕೇಳುವುದು, ಮುಚ್ಚಳ ತಿರುಗಿಸುವುದು, ಎರಡು ಗುಟುಕು ಕುಡಿಯುವುದು, ಮುಚ್ಚಳ ಹಾಕುವುದು. ಬಾಯಲ್ಲಿ ನೀರಿದ್ದಾಗ ಮಾತಾಡಲು ಆಗುವುದಿಲ್ಲ! ಮೂರನೇ ವಾರ ಅಂತೂ ಮುಚ್ಚಳ ಹಾಕುವ ಮೊದಲೇ ಮೂಲೆಯಿಂದ ಒಂದು ದನಿ ಬಂತು.

ಅವರು ಉತ್ತರ ಹೇಳಿದ ಮೇಲೂ ಹಾಗೇ ಕಾಯಿರಿ. ತಕ್ಷಣ "ಸರಿ" ಅಂದುಬಿಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನೀವು ಸುಮ್ನಿದ್ದರೆ ಅವರೇ "ಯಾಕೆಂದರೆ..." ಅಂತ ಮುಂದುವರಿಸುತ್ತಾರೆ.

ಉತ್ತರ 2: "ಅರ್ಥ ಆಯ್ತಾ?" ಅಂತ ಕೇಳುವುದನ್ನು ಬಿಟ್ಟುಬಿಡಿ. ಎಲ್ಲರೂ ತಲೆ ಆಡಿಸುತ್ತಾರೆ, ಅಷ್ಟೇ. "ಈ ಮೂರನೇ ಸಾಲು ಎರಡನೇ ಸಾಲಿನಿಂದ ಹೇಗೆ ಬಂತು?" ಅಂತ ಕೇಳಿ.

ಉತ್ತರ 3: ನಿಮ್ಮದು ಫಿಸಿಕ್ಸ್ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಚೆಂಡನ್ನು ನೇರ ಮೇಲಕ್ಕೆ ಎಸೆದಿದ್ದೇವೆ. ತುತ್ತತುದಿಯಲ್ಲಿ ಅದರ ಆಕ್ಸಿಲರೇಷನ್, ಅಂದರೆ ವೇಗ ಬದಲಾಗುವ ದರ, ಎಷ್ಟು? ಹೋದ ಸಲ ನಮ್ಮ ಗುಂಪಿನಲ್ಲಿ ಮುಕ್ಕಾಲು ಜನ ಸೊನ್ನೆ ಅಂದರು. ತಪ್ಪು ಅನ್ನುವುದು ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ. "ಆಯ್ತು, ಅಲ್ಲಿ ವೇಗ ಸೊನ್ನೆ. ಆಕ್ಸಿಲರೇಷನ್ ಕೂಡ ಸೊನ್ನೆ ಅಂತಿಟ್ಟುಕೊಳ್ಳೋಣ. ಮುಂದಿನ ಕ್ಷಣ ಚೆಂಡು ಏನು ಮಾಡುತ್ತೆ?" ಅಂತ ಕೇಳಿ, ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಿ ಅಂದೆ. ಒಬ್ಬಳು ಪೆನ್ನನ್ನು ಗಾಳಿಯಲ್ಲಿ ಎತ್ತಿ ಹಿಡಿದು ನೋಡುತ್ತಾ ಕೂತಳು. ಆಮೇಲೆ, "ಅಲ್ಲೇ ನೇತಾಡ್ತಾ ಇರ್ಬೇಕಲ್ಲ!" ಅಂದಳು. ಮತ್ತೆ ಕೈ ಎತ್ತಿಸಿದಾಗ ಸೊನ್ನೆ ಅಂದವರು ಇಬ್ಬರೇ. ಅವರಿಗೂ ಅವಳೇ ವಿವರಿಸಿದಳು.

ಈ ವಿಧಾನ ನನ್ನದಲ್ಲ. ಮೊದಲು ಒಬ್ಬೊಬ್ಬರೇ ಉತ್ತರ ಆರಿಸುವುದು, ಪಕ್ಕದವರ ಜೊತೆ ವಾದ ಮಾಡುವುದು, ಮತ್ತೆ ಆರಿಸುವುದು. ಇದನ್ನು 1990ರ ದಶಕದಲ್ಲಿ ಹಾರ್ವರ್ಡ್‌ನ ಫಿಸಿಕ್ಸ್ ಪ್ರಾಧ್ಯಾಪಕ ಎರಿಕ್ ಮಜೂರ್ ಹೆಸರುವಾಸಿ ಮಾಡಿದರು. ಹನ್ನೆರಡು ಜನರ ಗುಂಪಿಗೂ ಚೆನ್ನಾಗಿ ಒಗ್ಗುತ್ತದೆ. ಆದರೆ ಪ್ರಶ್ನೆ ಹದವಾಗಿರಬೇಕು. ಎಲ್ಲರಿಗೂ ಗೊತ್ತಿದ್ದರೆ ವಾದವೇ ಹುಟ್ಟುವುದಿಲ್ಲ, ಯಾರಿಗೂ ಗೊತ್ತಿಲ್ಲದಿದ್ದರೂ ಅಷ್ಟೇ. ನಾನು ಒಂದು ಗಂಟೆಗೆ ಅಂಥ ಮೂರು ಪ್ರಶ್ನೆ ಮಾತ್ರ ಬರೆದುಕೊಂಡು ಹೋಗುತ್ತೇನೆ. ಅವನ್ನು ಹುಡುಕುವುದಕ್ಕೇ ಹಿಂದಿನ ದಿನ ಜಾಸ್ತಿ ಹೊತ್ತು ಬೇಕು.

ಉತ್ತರ 4: ಅವರು ನಿಮ್ಮನ್ನೇ ಪ್ರಶ್ನೆ ಕೇಳಿದರೆ, ಅದನ್ನು ಗುಂಪಿಗೆ ದಾಟಿಸಿ. "ಇದಕ್ಕೆ ಯಾರ ನೋಟ್ಸ್‌ನಲ್ಲಿ ಏನಿದೆ?" ಅನ್ನಿ. 1973ರಲ್ಲಿ ಮಿಸ್ಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಕ್ಯಾಂಪಸ್ಸಿನಲ್ಲಿ ಡಿಯಾನಾ ಮಾರ್ಟಿನ್ ಇಂಥ ಗುಂಪುಗಳನ್ನು ಶುರು ಮಾಡಿದರು. ಮುಂದಾಳು ಪಾಠವನ್ನು ಮತ್ತೆ ಒಪ್ಪಿಸಬಾರದು ಅನ್ನುವುದು ಆ ಪದ್ಧತಿಯ ಮೂಲ ನಿಯಮ. ಆದರೆ ಎಲ್ಲರೂ ನಿಜವಾಗಿ ಸಿಕ್ಕಿಹಾಕಿಕೊಂಡಾಗಲೂ ತಿರುಗಿ ಕೇಳುತ್ತಲೇ ಇದ್ದರೆ ಅವರಿಗೆ ಹಿಂಸೆ. ಆಗ ಒಂದು ಸುಳಿವು ಕೊಟ್ಟುಬಿಡಿ.

ಕೇಳಿದವರು: ನಿನ್ನೆ ಪ್ರಯತ್ನಿಸಿದೆ. ಮನಸ್ಸಿನಲ್ಲೇ ಐದರ ತನಕ ಎಣಿಸಿದೆ, ನಾಲ್ಕಕ್ಕೆ ಉತ್ತರ ಬಂತು! ತುಂಬಾ ಖುಷಿಯಾಯಿತು. ಆದರೆ ಪ್ರತಿ ಸಲ ಮಾತಾಡಿದ್ದು ಒಬ್ಬನೇ ಹುಡುಗ. ಅವನಿಗೆ ಬೇಜಾರಾಗದ ಹಾಗೆ ಬೇರೆಯವರನ್ನು ಮಾತಾಡಿಸುವುದು ಹೇಗೆ?

ಉತ್ತರ 1: ಅವನ ಕೈಗೆ ಚಾಕ್ ಕೊಡಿ. ಬೇರೆಯವರು ಹೇಳಿದ್ದನ್ನು ಮಾತ್ರ ಬೋರ್ಡ್ ಮೇಲೆ ಬರೆಯಬೇಕು ಅನ್ನಿ. ಉಳಿದವರಿಗೆ ಮೊದಲು ಒಂದು ನಿಮಿಷ ಹಾಳೆಯಲ್ಲಿ ಬರೆದುಕೊಳ್ಳಲು ಬಿಡಿ. ಬರೆದದ್ದನ್ನು ಓದಿ ಹೇಳುವುದಕ್ಕೆ ಅಷ್ಟು ಅಂಜಿಕೆ ಇರುವುದಿಲ್ಲ. ಮುಂದಿನ ವಾರ ಏನಾಯಿತು ಅಂತ ಬರೆಯಿರಿ, ಕಾಯ್ತಿರ್ತೀನಿ.