ಪದ ಬೇಕು: ‘ಟೀ ಟೇಸ್ಟಿಂಗ್’, ‘ಸ್ಪೆಷಾಲಿಟಿ ಶಾಪ್’ (ನಾಳೆ ಬೋರ್ಡ್ ಅಚ್ಚಿಗೆ ಹೋಗುತ್ತದೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹಳೇ ಪೇಟೆಯಲ್ಲಿ ಶನಿವಾರ ಬೆಳಿಗ್ಗೆ ಒಂದು ನಡಿಗೆ ಇಟ್ಟುಕೊಂಡಿದ್ದೇವೆ. ಬಳೇಪೇಟೆಯಲ್ಲಿ ಶುರು, ಚಿಕ್ಕಪೇಟೆ, ಅವೆನ್ಯೂ ರಸ್ತೆ ಸುತ್ತಿ ತರಗುಪೇಟೆಯಲ್ಲಿ ಮುಗಿಯುತ್ತದೆ. ಕೊನೆಯಲ್ಲಿ ನಾಲ್ಕು ಬಗೆ ಟೀ ಕೊಡುತ್ತೇವೆ: ನೀಲಗಿರಿ, ಡಾರ್ಜಿಲಿಂಗ್, ಅಸ್ಸಾಂ, ಆಮೇಲೆ ಹಾಲು ಹಾಕಿದ ಡಸ್ಟ್ ಟೀ. ಇಂಗ್ಲಿಷ್ ಬೋರ್ಡ್ ಆಗಿದೆ. ಕನ್ನಡದ್ದನ್ನು ನಾಳೆ ಹತ್ತು ಗಂಟೆಯೊಳಗೆ ಅಚ್ಚಿನವರಿಗೆ ಕೊಡಬೇಕು. ನನಗೆ ಹೊಳೆದದ್ದು ಇಷ್ಟು:

‘ಐತಿಹಾಸಿಕ ನೆರೆಹೊರೆಯ ವಿಶೇಷ ಮಳಿಗೆಗಳು ಮತ್ತು ಚಹಾ ಆಸ್ವಾದನೆ’

ಓದಿದರೆ ಕನ್ನಡ ಅನ್ನಿಸುತ್ತಲೇ ಇಲ್ಲ. ಡಸ್ಟ್ ಟೀಗೆ ‘ಧೂಳು ಚಹಾ’ ಅಂತ ಬರೆದು ಹೊಡೆದು ಹಾಕಿದ್ದೇನೆ. ದಯವಿಟ್ಟು ಇವತ್ತೇ ತಿಳಿಸಿ.

* * *

ಆಸ್ವಾದನೆ ಬೇಡವೇ ಬೇಡ. ಸಂಸ್ಕೃತ. ‘ಸವಿ’ ಅಚ್ಚಗನ್ನಡ, ತಮಿಳಿನ ‘ಸುವೈ’ಗೆ ನಂಟು. ‘ಸವಿನೋಟ’ ಅಂತ ಮಾಡಿ. ಟೀ ಇಂಗ್ಲಿಷ್ ಪದ, ತೆಗೆಯಿರಿ. ಚಹಾ ನಮ್ಮದು, ಇರಲಿ. ಸ್ಪೆಷಾಲಿಟಿ ಶಾಪಿಗೆ ‘ಮೀಸಲಂಗಡಿ’. ಇದರಲ್ಲಿ ಚರ್ಚೆ ಮಾಡುವಂಥದ್ದು ಏನೂ ಇಲ್ಲ.

* * *

ಚರ್ಚೆ ಮಾಡುವಂಥದ್ದು ಇದೆ ಸರ್. ಸವಿನೋಟ ಅಂದರೆ ಜನ ಬೆಟ್ಟ, ಕಣಿವೆ ಅಂದುಕೊಳ್ಳುತ್ತಾರೆ. ಮೀಸಲಂಗಡಿ ಅಂದರೆ ಯಾರಿಗೆ ಮೀಸಲು ಅಂತ ಕೇಳುತ್ತಾರೆ. ಎರಡೂ ನಡೆಯುವುದಿಲ್ಲ.

ಮೇಡಂ, ನಿಮಗೆ ನಾಮಪದವೇ ಯಾಕೆ ಬೇಕು? ಇಂಗ್ಲಿಷ್ ಬೋರ್ಡಿನಲ್ಲಿ ಇದೆ ಅಂತ ತಾನೆ? ನಮ್ಮಲ್ಲಿ ಈ ಕೆಲಸ ಮಾಡುವುದು ‘ನೋಡು’. ಸಾರಿನ ಉಪ್ಪು ನೋಡುತ್ತೇವೆ. ಮಾವಿನಹಣ್ಣು ಮೂಸಿ ನೋಡುತ್ತೇವೆ. ಚಿಕ್ಕಪೇಟೆಯಲ್ಲಿ ಸೀರೆ ಸೆರಗು ಮುಟ್ಟಿ ನೋಡುತ್ತೇವೆ, ಬಳೇಪೇಟೆಯಲ್ಲಿ ವೀಣೆ ಕೊಳ್ಳುವವರು ತಂತಿ ಮೀಟಿ ನೋಡುತ್ತಾರೆ. ಕಣ್ಣಿಗೆ ಇದರಲ್ಲಿ ಕೆಲಸವೇ ಇಲ್ಲ, ಪರೀಕ್ಷೆ ಮಾಡಿ ತಿಳಿಯುವುದಕ್ಕೆಲ್ಲ ಕನ್ನಡ ಈ ಒಂದು ಪದವನ್ನು ಕೊಟ್ಟುಬಿಟ್ಟಿದೆ. ಹಾಗಾಗಿ ‘ಟೀ ರುಚಿ ನೋಡಿ’. ಬೋರ್ಡಿಗೆ ಅಷ್ಟು ಸಾಕು.

ಆಸ್ವಾದನೆ ಬೇಡ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಸಂಸ್ಕೃತ ಅನ್ನೋ ಕಾರಣಕ್ಕಲ್ಲ, ‘ರುಚಿ’ಯೂ ಸಂಸ್ಕೃತವೇ. ಆಸ್ವಾದನೆಯಲ್ಲಿ ಸುಖ ಇದೆ, ತೂಗಿ ಅಳೆಯುವುದು ಇಲ್ಲ. ಕೂನೂರಿನಲ್ಲಿ ಹರಾಜಿಗೆ ಮುಂಚೆ ಟೀ ರುಚಿ ನೋಡುವ ಕೋಣೆಯೊಂದರಲ್ಲಿ ಅರ್ಧ ದಿನ ನಿಂತಿದ್ದೇನೆ. ಉದ್ದ ಮೇಜಿನ ಮೇಲೆ ಬಿಳಿ ಪಿಂಗಾಣಿ ಬಟ್ಟಲುಗಳ ಸಾಲು. 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಆಮೇಲೆ ಸೋಸಿ, ನೆನೆದ ಸೊಪ್ಪನ್ನು ಮುಚ್ಚಳದ ಮೇಲೆ ಬೋರಲು ಹಾಕಿ ಇಡುತ್ತಾರೆ. ರುಚಿ ನೋಡುವವರು ಚಮಚದಲ್ಲಿ ಎತ್ತಿ ಸೊರ್ ಅಂತ ಜೋರಾಗಿ ಹೀರುತ್ತಾರೆ, ಗಾಳಿ ಜೊತೆ ಟೀ ಬಾಯಿ ತುಂಬ ಹರಡಿ ಕಂಪು ಮೂಗಿಗೆ ಹತ್ತಬೇಕು ಅಂತ. ನುಂಗುವುದಿಲ್ಲ, ಉಗಿದು ಮುಂದಿನ ಬಟ್ಟಲಿಗೆ ಹೋಗುತ್ತಾರೆ. ಆ ವೇಗದಲ್ಲಿ ಆಸ್ವಾದನೆ ಎಲ್ಲಿಂದ ಬರಬೇಕು? ನಿಮ್ಮ ನಡಿಗೆಗೆ ಬರುವವರು ನುಂಗಲಿ, ಆದರೆ ನಾಲ್ಕು ಟೀಗಳನ್ನು ಒಂದರ ಪಕ್ಕ ಒಂದು ಇಟ್ಟು ವ್ಯತ್ಯಾಸ ಹಿಡಿಯುವುದೇ ಅಲ್ಲಿನ ಕೆಲಸ, ಅಲ್ವಾ? ಅದು ‘ನೋಡುವುದು’.

ಬಟ್ಟಲ ಪಕ್ಕ ಚೀಟಿ ಇಡುವುದಾದರೆ ಒಗರು, ಕಂಪು, ಕಡಕ್, ತಿಳಿ ಅಂತ ಬರೆಯಿರಿ. ಒಗರು ಅನ್ನುವ ಪದ ಅಡಿಕೆ ಜಗಿದ, ನೇರಳೆಹಣ್ಣು ತಿಂದ ಪ್ರತಿ ನಾಲಿಗೆಗೂ ಗೊತ್ತು. ಡಸ್ಟ್ ಟೀ ಅನ್ನುವಾಗ ಡಸ್ಟ್ ಎಂದರೆ ಕಸ ಅಲ್ಲ, ಎಲೆಯ ಸಣ್ಣ ಕಾಳಿನ ದರ್ಜೆ. ಅದನ್ನು ಹಾಗೇ ಬಿಡಿ, ಇಲ್ಲದಿದ್ದರೆ ‘ಪುಡಿ ಟೀ’.

ನೆರೆಹೊರೆ ಖಂಡಿತ ಬೇಡ. ನೆರೆಹೊರೆ ಅಂದರೆ ಅಕ್ಕಪಕ್ಕದ ಮನೆಯವರು, ಸಕ್ಕರೆ ಸಾಲ ಕೇಳುವವರು. ಊರಿನ ಭಾಗಕ್ಕೆ ಆ ಹೆಸರಿಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರಿಗೆ ‘ಪೇಟೆ’ ಅನ್ನುವ ಪದ ಇದೆ. 1809ರಲ್ಲಿ ಬ್ರಿಟಿಷರ ಸೈನ್ಯ ಬಂದು ಕೂತ ಕಡೆಗೆ ‘ದಂಡು’ ಅಂದರು. ಇಷ್ಟು ಸ್ಪಷ್ಟವಾದ ಪದಗಳಿರುವಾಗ ‘ಐತಿಹಾಸಿಕ’ ಯಾಕೆ? ಹಳೇ ಪೇಟೆ ಅಂದರೆ ಮುಗಿಯಿತು.

ಇನ್ನು ಸ್ಪೆಷಾಲಿಟಿ ಶಾಪ್. ಇದಕ್ಕೆ ಪದ ಬೇಕಿಲ್ಲ. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ: ಇಡೀ ಪೇಟೆ ಸರಕಿನ ಹೆಸರಿನಲ್ಲೋ ಕಸುಬಿನ ಹೆಸರಿನಲ್ಲೋ ಇದೆ. ಒಂದೇ ಸರಕು ಮಾರುವುದು ಅಲ್ಲಿ ವಿಶೇಷವಲ್ಲ, ವಾಡಿಕೆ. ವೀಣೆ ಅಂಗಡಿ, ಪುಸ್ತಕದ ಅಂಗಡಿ, ಗ್ರಂದಿಗೆ ಅಂಗಡಿ ಅಂತ ಹೆಸರು ಹಿಡಿದೇ ಬರೆಯಿರಿ. ಗ್ರಂದಿಗೆಯನ್ನಂತೂ ಬಿಡಬೇಡಿ. ಅರಿಸಿನ, ಕುಂಕುಮ, ಲಾವಂಚ, ಅಳಲೆಕಾಯಿ, ಬಜೆ ಎಲ್ಲ ಒಂದೇ ಕಡೆ ಸಿಗುವ ಆ ಕತ್ತಲೆ ಅಂಗಡಿಯ ವಾಸನೆಗೆ ಬೇರೆ ಯಾವ ಪದವೂ ಸಮ ಬರುವುದಿಲ್ಲ. ಅದು ಸಂಸ್ಕೃತದ ‘ಗಾಂಧಿಕ’ದಿಂದ, ಅಂದರೆ ಗಂಧ ಮಾರುವವನಿಂದ ಬಂತು ಅನ್ನುವುದು ನನ್ನ ಬಲವಾದ ನಂಬಿಕೆ. ಗುಜರಾತಿನ ಗಾಂಧಿ ಮನೆತನದ ಹೆಸರೂ ಅದೇ ಬೇರಿನದು. ಗ್ರಂಥಕ್ಕೂ ಇದಕ್ಕೂ ಸಂಬಂಧ ಇಲ್ಲ, ಆ ‘ರ’ ಆಡುಮಾತಿನಲ್ಲಿ ಸೇರಿಕೊಂಡದ್ದು.

* * *

ಉದ್ದ ಬರೆದರೆ ಸರಿಯಾಗಿಬಿಡುವುದಿಲ್ಲ. ಟೀ, ಬೋರ್ಡ್, ಡಸ್ಟ್ ಎಲ್ಲ ಬಿಟ್ಟುಕೊಂಡರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಧಾರವಾಡದಲ್ಲಿ ಇವತ್ತಿಗೂ ಚಾ ಅಂತೀವಿ. ಬೆಂಗಳೂರಿನವರಿಗೆ ಅದು ಕನ್ನಡ ಅಲ್ವಾ?

* * *

ಕನ್ನಡವೇ ಸರ್. ನನ್ನ ಅಮ್ಮ ಮಂಗಳೂರಿನವರು, ಮನೆಯಲ್ಲಿ ನಾವೂ ಚಾ ಅನ್ನುತ್ತೇವೆ. ಆದರೆ ‘ಚಹಾ ನಮ್ಮದು, ಟೀ ಪರರದು’ ಅನ್ನುವುದು ತಪ್ಪು. ಎರಡೂ ಚೀನಾದಿಂದ ಬಂದವು. ಫೂಜಿಯನ್ ಕರಾವಳಿಯ ಆಡುನುಡಿಯಲ್ಲಿ ‘ತೆ’. ಅದನ್ನು ಡಚ್ಚರು ಹಡಗಿನಲ್ಲಿ ಯುರೋಪಿಗೆ ಒಯ್ದರು, ಅಲ್ಲಿಂದ ಇಂಗ್ಲಿಷಿನ ಟೀ. ಬೀಜಿಂಗಿನಲ್ಲೂ ಮಕಾವಿನಲ್ಲೂ ‘ಚಾ’, ಮಕಾವಿನಿಂದ ಪೋರ್ಚುಗೀಸರು ಕಲಿತದ್ದು ಅದನ್ನೇ. ಒಂದೇ ಗಿಡ, ಒಂದೇ ದೇಶ, ಬೇರೆ ಬೇರೆ ದಾರಿ. ಎರವಲು ಅಂತ ಒಂದನ್ನು ಓಡಿಸಿ ಇನ್ನೊಂದಕ್ಕೆ ಮಣೆ ಹಾಕಲು ಇಲ್ಲಿ ಕಾರಣವೇ ಇಲ್ಲ. ಧಾರವಾಡದಲ್ಲಿ ಬೋರ್ಡ್ ಹಾಕಿದರೆ ಚಾ ಅಂತಲೇ ಬರೆಯೋಣ. ತರಗುಪೇಟೆಯಲ್ಲಿ ಮೂಟೆ ಇಳಿಸಿ ಬಂದವರು ‘ಒಂದು ಟೀ’ ಅಂತಾರೆ. ಬೋರ್ಡ್ ಅವರ ಊರಿನದು.

* * *

ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ:

‘ಹಳೇ ಪೇಟೆ ಸುತ್ತಿ. ವೀಣೆ ಅಂಗಡಿ, ಪುಸ್ತಕದ ಅಂಗಡಿ, ಗ್ರಂದಿಗೆ ಅಂಗಡಿ ನೋಡಿ. ಕೊನೆಗೆ ನಾಲ್ಕು ಬಗೆ ಟೀ ರುಚಿ ನೋಡಿ.’

ಮೂರು ಸಲ ‘ಅಂಗಡಿ’ ಬಂದಿದೆ, ಕಿವಿಗೆ ಚೆನ್ನಾಗಿಯೇ ಇದೆ ಅನ್ನಿಸಿತು, ಬಿಟ್ಟಿದ್ದೇನೆ. ಒಂದೇ ಅನುಮಾನ: ಗ್ರಂದಿಗೆಯೋ ಗ್ರಂಧಿಗೆಯೋ? ಬೋರ್ಡುಗಳಲ್ಲಿ ಎರಡೂ ಕಂಡಿದ್ದೇನೆ. ಒಂಬತ್ತೂವರೆವರೆಗೆ ಕಾಯುತ್ತೇನೆ.