ಸಿಟಿ ಬಸ್ಸಿನ ನಾತ: ಡಿಪೋಕ್ಕ ಕೊಡೋ ಅರ್ಜಿಗೆ ಮಾಹಿತಿ ಹಾಕ್ರಿ

ನಿರ್ವಾಹಕರು, ಬೆಳಿಗ್ಗೆ 7:10
ಎಲ್ಲರಿಗೂ ನಮಸ್ಕಾರ. ಕಲಬುರಗಿಯೊಳಗ ನಮ್ಮ ಬಡಾವಣೆಯಿಂದ ಜಗತ್ ಸರ್ಕಲ್ ಹಾದು ಸೂಪರ್ ಮಾರ್ಕೆಟ್‌ಗೆ ಹೋಗೋ ಬಸ್ಸಿನ ನಾತದ ಬಗ್ಗೆ ಸೋಮವಾರ ಡಿಪೋ ಮ್ಯಾನೇಜರಿಗೆ ಅರ್ಜಿ ಕೊಡೋದು ಅಂತ ನಿನ್ನೆ ಗುಂಪಿನ್ಯಾಗ ಆಗ್ಯಾದ. "ಬಸ್ಸು ಗಬ್ಬು ನಾರ್ತದ, ಕ್ರಮ ತಗೋರಿ" ಅಂತಷ್ಟೇ ಬರದ್ರ ಒಂದು ಬಾಟ್ಲಿ ಫಿನಾಯಿಲ್ ಸುರೀತಾರ, ಅಲ್ಲಿಗೆ ಅರ್ಜಿ ಮುಗೀತು. ಯಾವ ನಾತ, ಬಸ್ಸಿನ್ಯಾಗ ಯಾವ ಜಾಗಕ್ಕ, ಯಾವ ಹೊತ್ತಿಗೆ, ಈ ಮೂರು ಬೇಕು. ಗೊತ್ತಿದ್ದವರು ಬರೀರಿ. ಗುಡ್ ಮಾರ್ನಿಂಗ್ ಫೋಟೋ ಇವತ್ತೊಂದಿನ ಬ್ಯಾಡ.

ಬಸ್ ಬಾಡಿ ಕೆಲಸದವರು, 2ನೇ ಕ್ರಾಸ್, 7:32
ಮೊದ್ಲು ಕಿಟಕಿ ನೋಡ್ರಿ. ಸರಿಸೋ ಗಾಜಿನ ಕೆಳಗ ಅಲ್ಯುಮಿನಿಯಂ ಚಾನೆಲ್ ಇರ್ತದ. ಮಳಿ ನೀರು ಹೊರಗ ಹೋಗ್ಲಿ ಅಂತ ಅದ್ರ ಹೊರಬದಿಗೆ ಸಣ್ಣ ತೂತು ಬಿಟ್ಟಿರ್ತಾರ. ಜನ ಗುಟ್ಕಾ ಚೀಟಿ ನಾಕು ಮಡಿಕಿ ಮಾಡಿ ಅಲ್ಲೇ ತುರುಕ್ತಾರ, ಮ್ಯಾಲ ಶೇಂಗಾ ಸಿಪ್ಪಿ, ಧೂಳು ಕುಂತು ತೂತು ಬಂದ್. ಮಳಿ ಬಂದ್ರ ಚಾನೆಲ್ ತುಂಬಿ ನೀರು ಒಳಬದಿಗೆ ಚೆಲ್ತದ, ಸೈಡ್ ಪ್ಯಾನೆಲ್ ಹಿಂದಿಂದ ಇಳಿದು ಸೀಟಿನ ಸ್ಪಂಜು, ನೆಲದ ಪ್ಲೈವುಡ್ ಎರಡೂ ಕುಡೀತಾವ. ಕಡ್ಡಿಪೆಟ್ಟಿಗಿ ಕಡ್ಡಿ ಆ ತೂತಿಗೆ ಹಾಕಿ ನೋಡ್ರಿ, ಆ ಕಡಿ ತುದಿ ಕಾಣ್ಸಲಿಲ್ಲಂದ್ರ ಬಂದ್ ಆಗ್ಯಾದ ಅಂತ ತಿಳೀರಿ. ಒಂದು ತುಂಡು ಗಟ್ಟಿ ತಂತಿ ಇದ್ರ ಇಡೀ ಬಸ್ಸು ಅರ್ಧ ತಾಸಿನ್ಯಾಗ ಮುಗೀತದ.

ಸೀಟಿಗೂ ಒಂದು ಪರೀಕ್ಷೆ ಅದ. ರೆಕ್ಸಿನ್ ಹೊಲಿಗಿ ಬಿಟ್ಟ ಜಾಗದಾಗ ಟಿಶ್ಯೂ ಪೇಪರ್ ಇಟ್ಟು ಹೆಬ್ಬೆರಳಿಂದ ಹತ್ತು ಎಣಿಸೋ ತನ ಒತ್ರಿ. ಪೇಪರ್ ಹಸಿ ಆದ್ರ ಸ್ಪಂಜು ನೀರು ಹಿಡಿದದ. ಅದಕ್ಕ ಮ್ಯಾಲಿಂದ ಎಷ್ಟು ಒರಸಿದ್ರೂ ಏನೂ ಆಗಂಗಿಲ್ಲ. ಕುಶನ್ ಬಿಚ್ಚಿ, ಕವರ್ ತೆಗೆದು, ಸ್ಪಂಜು ಬಿಸಿಲಿಗೆ ನಿಲ್ಲಿಸಿ ಎರಡೂ ಕಡಿ ಒಣಗಿಸ್ಬೇಕು, ಇಲ್ಲಿಕಂದ್ರ ಬದಲಿ ಮಾಡ್ಬೇಕು. ಒಣಗಿಸಿದ ಮ್ಯಾಲ ಹೊಲಿಗಿ ಹಾಕ್ದೇ ಕೂಡ್ಸಿದ್ರ ಮುಂದಿನ ಮಳಿಗೆ ಮತ್ತ ಅದೇ ಹಾಡು.

ಮನೆ ನಂ. 31, 7:48
ಶಕ್ತಿ ಯೋಜನೆ ಬಂದ ಮ್ಯಾಲ ಗದ್ದಲ ಆಗ್ಯಾದ, ಅದಕ್ಕೇ ನಾತ.

ನಿರ್ವಾಹಕರು, 7:50
ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕ. ಮುಗ್ಗಲು ನಾತ ಖಾಲಿ ಬಸ್ಸಿನ್ಯಾಗೂ ಬೆಳಿಗ್ಗೆ ಮೊದಲ ಟ್ರಿಪ್ಪಿಗೇ ಬರ್ತದಂದ್ರ ಅದು ಮಂದಿದಲ್ಲ, ಬಸ್ಸಿಂದು. ಈ ಮಾತು ಇಲ್ಲಿಗೆ ಸಾಕು.

ರಸಾಯನಶಾಸ್ತ್ರ ಉಪನ್ಯಾಸಕಿ, 8:15
ಎರಡು ವಿಷಯ. ಒಂದು, ಮೂಗು ಬೇಗ ಸೋಲುತ್ತದೆ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕೂತರೆ ಅದು ಇಲ್ಲವೇನೋ ಅನ್ನಿಸುತ್ತದೆ. ಡ್ರೈವರ್, ಕಂಡಕ್ಟರ್ "ಏನೂ ಬರ್ತಿಲ್ಲ" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಆದ್ದರಿಂದ ಬಸ್ ಹತ್ತಿದ ಮೊದಲ ಎರಡು ನಿಮಿಷದಲ್ಲೇ ಬರೆದುಕೊಳ್ಳಿ.

ಇನ್ನೊಂದು, ದಯವಿಟ್ಟು ಅರ್ಜಿಯಲ್ಲಿ "ಬ್ಲೀಚಿಂಗ್ ಪೌಡರ್ ಹಾಕಿ" ಅಂತ ಸುಮ್ಮನೆ ಬರೆಯಬೇಡಿ. ಮೂತ್ರದ ಮೇಲೆ ಬ್ಲೀಚಿಂಗ್ ಬಿದ್ದರೆ ಕ್ಲೋರಮೈನ್ ಹುಟ್ಟುತ್ತದೆ, ಕಣ್ಣು ಗಂಟಲು ಉರಿಯುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಸೇರಿದರೆ ಕ್ಲೋರಿನ್ ಅನಿಲವೇ ಬರುತ್ತದೆ. ಮೊದಲು ನೀರು ಮತ್ತು ಸೋಪಿನ ಪುಡಿಯಿಂದ ಪೂರ್ತಿ ತೊಳೆದು, ಆಮೇಲೆ ಮಾತ್ರ ಬ್ಲೀಚಿಂಗ್. ಅಳತೆ: 30 ಶೇಕಡಾ ಕ್ಲೋರಿನ್ ಇರುವ ಪುಡಿ ಲೀಟರ್ ನೀರಿಗೆ 33 ಗ್ರಾಂ ಹಾಕಿದರೆ 1 ಶೇಕಡಾ ದ್ರಾವಣ. ನೆಲದ ಮೇಲೆ 10 ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು, ಇಲ್ಲದಿದ್ದರೆ ಅಲ್ಯುಮಿನಿಯಂ ಪಟ್ಟಿಯನ್ನೂ ಸೀಟಿನ ಕಾಲನ್ನೂ ತಿನ್ನುತ್ತದೆ. ಹಿಡಿಕೆ, ಕಂಬಿಗೆ ಇದರ ಹತ್ತನೇ ಒಂದು ಪಾಲು ಸಾಕು. ಬಾಯಿ ತೆರೆದಿಟ್ಟ ಚೀಲದ ಪುಡಿಗೆ ಶಕ್ತಿ ಇರುವುದಿಲ್ಲ.

ಮನೆ ನಂ. 9, 8:22
ಮೇಡಂ, ವಾಂತಿಗೆ?

ರಸಾಯನಶಾಸ್ತ್ರ ಉಪನ್ಯಾಸಕಿ, 8:31
ವಾಂತಿಯ ಹುಳಿ ವಾಸನೆ ಹೆಚ್ಚಾಗಿ ಬ್ಯೂಟಿರಿಕ್ ಆಮ್ಲದ್ದು, ಬೆಣ್ಣೆ ಹಳಸಿದಾಗ ಬರುವುದೂ ಅದೇ. ನೀರು ಸುರಿದರೆ ನೆಲದ ಸಂದಿಗೆ ಇಳಿಯುತ್ತದೆ. ಮೊದಲು ಕಟ್ಟಿಗೆ ಹೊಟ್ಟು ಎರಡು ಬೊಗಸೆ ಚೆಲ್ಲಿ, ಐದು ನಿಮಿಷ ಬಿಟ್ಟು, ಹೊಟ್ಟಿನ ಸಮೇತ ಬಳಿದು ಚೀಲಕ್ಕೆ ಹಾಕಬೇಕು. ಆಮೇಲೆ ಅಡುಗೆ ಸೋಡಾ, ಲೀಟರ್ ನೀರಿಗೆ ಎರಡು ದೊಡ್ಡ ಚಮಚ. ಸೋಡಾ ಆಮ್ಲವನ್ನು ಲವಣವಾಗಿಸುತ್ತದೆ, ಅದು ಆವಿಯಾಗುವುದಿಲ್ಲ, ಮೂಗಿಗೂ ಬರುವುದಿಲ್ಲ. ಬ್ಲೀಚಿಂಗ್ ಬೇಕಿದ್ದರೆ ಎಲ್ಲ ತೊಳೆದ ಮೇಲೆ, ಕೊನೆಗೆ.

ಮನೆ ನಂ. 17, 8:36
ಕಟ್ಟಿಗಿ ಹೊಟ್ಟು ಯಾಕ್ರಿ, ನಮ್ಮಲ್ಲಿ ದಾಲ್ ಮಿಲ್‌ನ್ಯಾಗ ತೊಗರಿ ಹೊಟ್ಟು ರಾಶಿ ಬಿದ್ದಿರ್ತದ.

ಬಸ್ ಬಾಡಿ ಕೆಲಸದವರು, 8:40
ತೊಗರಿ ಹೊಟ್ಟು ದನಕ್ಕ ಹಾಕೋದು ಅಣ್ಣಾ. ಹಸಿ ಆಗಿ ಒಂದು ದಿನ ಕುಂತ್ರ ತಾನೇ ಹುಳಿ ನಾತ ಬಿಡ್ತದ. ಸಾಮಿಲ್ ಹೊಟ್ಟೇ ಸೈ. ಬಸ್ಸಿಗೊಂದು ಡಬ್ಬಿ ಹೊಟ್ಟು, ಮೊರ, ಒಂದು ಜೋಡಿ ಕೈಗವಸು ಇಡ್ರಿ ಅಂತ ಅರ್ಜಿಯೊಳಗ ಕೇಳ್ಬಹುದು.

ಇನ್ನೊಂದು ಮಾತು, ತೊಳಿಯೋದ್ರ ಬಗ್ಗೆ. ಪೈಪ್ ಹಿಡಿದು ನೀರು ಹೊಡಿಯೋದು ಬಸ್ಸಿಗೆ ಒಳ್ಳೇದಲ್ಲ. ನೆಲದ ವಿನೈಲ್ ಹಾಸು ಅಂಚಿಗೆ ಬೀಡಿಂಗ್ ಪಟ್ಟಿ ಎದ್ದಿದ್ರ ನೀರು ಕೆಳಗಿನ ಪ್ಲೈವುಡ್ಡಿಗೆ ಇಳೀತದ. ರಾತ್ರಿ ತೊಳೆದು, ಕಿಟಕಿ ಹಾಕಿ, ಡಿಪೋದಾಗ ಸಾಲಾಗಿ ನಿಲ್ಲಿಸ್ತಾರ. ಬ್ಯಾಸಗಿಯೊಳಗ ನಮ್ಮೂರ ಬಿಸಿಲು ಮರುದಿನ ಹತ್ತು ಗಂಟೆಯೊಳಗ ಒಣಗಿಸ್ತದ. ಶ್ರಾವಣ, ಭಾದ್ರಪದದಾಗ ಒಣಗಂಗಿಲ್ಲ, ಬೆಳಿಗ್ಗೆ ಮೊದಲ ಟ್ರಿಪ್ಪಿನ್ಯಾಗ ಗೋಣಿಚೀಲದ ನಾತ ಬರೋದು ಅದಕ್ಕೇ. ಹಿಂಡಿದ ಮಾಪ್‌ಲೆ ಒರಸಿ, ಎರಡೂ ಬದಿ ಗಾಜು ನಾಕು ಬೆರಳು ತೆರದು ಬಿಟ್ರ ಸಾಕು.

ಡೀಸೆಲ್ ಮೆಕ್ಯಾನಿಕ್, ರಿಂಗ್ ರೋಡ್, 9:05
ಸೀಟು, ನೆಲದ್ದು ಸರಿ. ಗಾಡಿಯಿಂದ ಬರೋ ವಾಸನಿ ಬ್ಯಾರೆ, ಅದು ಮೊದ್ಲು ಹೇಳ್ಬೇಕು, ಯಾಕಂದ್ರ ಅದ್ರಾಗ ಅಪಾಯ ಅದ.

ಹಿಂದಿನ ಸೀಟಿನ್ಯಾಗ ಹೊಗಿ ವಾಸನಿ: ಬಸ್ಸು ಓಡುವಾಗ ಅದ್ರ ಬೆನ್ನಿನ ಹಿಂದ ಗಾಳಿ ಒತ್ತಡ ಕಡಿಮಿ ಆಗ್ತದ, ಸೈಲೆನ್ಸರ್ ಹೊಗಿ ತಿರುಗಿ ಹಿಂದಿನ ಬಾಗಿಲಿಂದ ಒಳಗ ಬರ್ತದ. ಮುಂದಿನ ಕಿಟಕಿ ಎಲ್ಲಾ ಹಾಕಿದ್ರಂತೂ ಇನ್ನೂ ಜಾಸ್ತಿ. ಮುಂದಿಂದು ಎರಡು ಕಿಟಕಿ, ಚಾವಣಿ ಮ್ಯಾಲಿನ ಹ್ಯಾಚ್ ತೆರೀರಿ, ಹಿಂದಿನ ಬಾಗಿಲು ಹಾಕ್ರಿ. ನಿಂತಾಗಲೂ ಡ್ರೈವರ್ ಹತ್ರ ಬಂದ್ರ ಇಂಜಿನ್ ಮುಚ್ಚಳದ ರಬ್ಬರ್ ಹೋಗ್ಯಾದ ಇಲ್ಲಾ ಮ್ಯಾನಿಫೋಲ್ಡ್ (ಇಂಜಿನ್‌ನಿಂದ ಹೊಗಿ ಹೊರಗ ಒಯ್ಯೋ ಪೈಪ್) ಜಾಯಿಂಟ್ ಸೋರ್ಲತ್ತದ. ಹೊಗಿಯೊಳಗಿನ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಅನಿಲಕ್ಕ ವಾಸನಿನೇ ಇಲ್ಲ. ನಾಕು ಮಂದಿಗೆ ಒಟ್ಟಿಗೆ ತಲಿನೋವು, ತಲಿ ತಿರುಗೋದು ಆದ್ರ ಅರ್ಜಿಗೆ ಕಾಯಬ್ಯಾಡ್ರಿ, ಅಲ್ಲೇ ಬಸ್ಸು ನಿಲ್ಲಿಸಿ ಇಳೀರಿ.

ಕೊಳೆತ ಮೊಟ್ಟಿ ವಾಸನಿ: ಗಟಾರ ಅಂತ ಬರೀಬ್ಯಾಡ್ರಿ. ಬಸ್ಸು ಗಟಾರ ದಾಟಿದ ಮ್ಯಾಲೂ ಬಂದ್ರ ಅದು ಬ್ಯಾಟರಿ. ಎರಡು 12 ವೋಲ್ಟ್ ಬ್ಯಾಟರಿ ಸೇರಿ 24, ಚಾರ್ಜ್ ಆಗುವಾಗ 28ರ ಆಜುಬಾಜು ಇರ್ಬೇಕು. ಚಾರ್ಜ್ ಹತೋಟಿಯಾಗಿಡೋ ರೆಗ್ಯುಲೇಟರ್ ಕೆಟ್ಟು 30 ದಾಟಿದ್ರ, ಇಲ್ಲಾ ಒಂದು ಸೆಲ್ ಶಾರ್ಟ್ ಆಗಿ ಉಳಿದವು ಕುದ್ರ ಹೈಡ್ರೋಜನ್ ಸಲ್ಫೈಡ್ ಬರ್ತದ. ಜೊತಿಗೆ ಹೈಡ್ರೋಜನ್ನೂ ಇರ್ತದ, ಕಿಡಿ ತಾಕಿದ್ರ ಬ್ಯಾಟರಿ ಸಿಡೀತದ. ಬೀಡಿ ಹಚ್ಚೋರು ದೂರ.

ಮೂತ್ರದ ವಾಸನಿ: ಇದ್ರಾಗ ಎಲ್ಲರೂ ತಪ್ಪು ಮಾಡ್ತಾರ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 (ಹೊಗಿ ಮಾಲಿನ್ಯದ ನಿಯಮ) ಗಾಡಿಗೆ ಡೀಸೆಲ್ ಜೊತಿಗೆ ಡಿಇಎಫ್ ಅಂತ ಹೊಗಿ ಶುದ್ಧ ಮಾಡೋ ದ್ರವದ ಬ್ಯಾರೆ ಟ್ಯಾಂಕ್ ಇರ್ತದ. ಅದ್ರಾಗಿರೋದು 32.5 ಶೇಕಡಾ ಯೂರಿಯಾ, ಉಳಿದದ್ದು ಶುದ್ಧ ನೀರು. ಬಿಸಿ ಪೈಪಿನ ಮ್ಯಾಲ ಸೋರಿದ್ರ ಅಮೋನಿಯಾ ಘಾಟ ಹೊಡೀತದ. ನೀಲಿ ಮುಚ್ಚಳದ ಸುತ್ತ, ಪೈಪಿನ ಜಾಯಿಂಟಿಗೆ ಉಪ್ಪಿನಂಗ ಬಿಳಿ ಹೊಪ್ಪಳಿ ಕಟ್ಟಿದ್ರ ಅದೇ. ಖರೆ ಮೂತ್ರ ಆದ್ರ ಹಿಂದಿನ ಟೈರಿಗೆ ಹೋಗಿ ಮೂಸ್ರಿ. ರಾತ್ರಿ ನಿಲ್ಲಿಸಿದ ಬಸ್ಸಿನ ಟೈರು ಯಾರ್ಯಾರಿಗೆ ಏನೇನೋ ಆಗಿರ್ತದ, ಹೆಚ್ಚು ಬರಿಯಾಂಗಿಲ್ಲ.

ಮನೆ ನಂ. 22, 9:20
ಕಣ್ಣಿ ಮಾರ್ಕೆಟ್‌ನಿಂದ ಹತ್ತೋರ ಕಾಯಿಪಲ್ಯೆ ಚೀಲ ಕೊನೆ ಸೀಟಿನ ಕೆಳಗ ಇಡ್ತಾರ. ಅಲ್ಲಿ ಟೊಮ್ಯಾಟೊ ರಸ, ಕೊತ್ತಂಬರಿ ಎಲಿ ಸಿಕ್ಕಿ ಕೊಳೀತಾವ. ಕಸಬರಿಗಿ ಅಲ್ಲಿ ತನಕ ಹೋಗಂಗಿಲ್ಲ, ಸೀಟಿನ ಕಾಲು ಅಡ್ಡ. ಹಳಿ ಹಲ್ಲುಜ್ಜೋ ಬ್ರಷ್ ಬಡಿಗಿಗೆ ಕಟ್ಟಿದ್ರ ಹೋಗ್ತದ.

ನಿರ್ವಾಹಕರು, 10:02
ಛಲೋ ಆಯ್ತು. ಫಾರ್ಮ್ ಹಿಂಗ ಮಾಡೀನಿ: ದಿನಾಂಕ, ಹತ್ತಿದ ಹೊತ್ತು, ಬಸ್ ನಂಬರ್ (ಕೆಎ 32 ಎಫ್ ಆದ ಮ್ಯಾಲಿನ ಕೊನೆ ನಾಕು ಅಂಕಿ ಸಾಕು), ಜಾಗ (ಮುಂದ, ನಡು, ಹಿಂದ, ಬಾಗಿಲ ಹತ್ರ), ನಾತ (ಮುಗ್ಗಲು, ಹುಳಿ, ಹೊಗಿ, ಕೊಳೆತ ಮೊಟ್ಟಿ, ಅಮೋನಿಯಾ), ಬಸ್ಸು ನಿಂತಿತ್ತೋ ಓಡ್ತಿತ್ತೋ. ಒಂದೇ ನಂಬರಿನ ಬಸ್ಸಿಗೆ ಬ್ಯಾರೆ ಬ್ಯಾರೆ ದಿನ ಮೂರು ಮಂದಿ ಒಂದೇ ಜಾಗ ಬರದ್ರ ಮಾತ್ರ ಅರ್ಜಿಯೊಳಗ ಸೇರಿಸ್ತೀನಿ. ಡ್ರೈವರ್, ಕಂಡಕ್ಟರ್ ಹೆಸರು ಯಾರೂ ಬರೀಬ್ಯಾಡ್ರಿ, ಅವರೂ ಆ ನಾತದಾಗೇ ದಿನಾ ಕುಂದರ್ತಾರ.

ಅರ್ಜಿ ಎರಡು ಪ್ರತಿ. ಒಂದ್ರ ಮ್ಯಾಲ ಸ್ವೀಕೃತಿ ಸೀಲು, ದಿನಾಂಕ ಹಾಕಿಸ್ಕೊಂಡೇ ಬರ್ಬೇಕು.

ನಿವೃತ್ತ ಗುಮಾಸ್ತರು, 1ನೇ ಕ್ರಾಸ್, 10:30
ಸರ್, ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕೋಣ. 10 ರೂಪಾಯಿ ಪೋಸ್ಟಲ್ ಆರ್ಡರ್. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. "ಯಾಕೆ ನಾರುತ್ತದೆ" ಎಂದು ಕೇಳಿದರೆ ಅದು ಮಾಹಿತಿ ಅಲ್ಲ ಎಂದು ತಳ್ಳಿಹಾಕುತ್ತಾರೆ. ದಾಖಲೆಯ ಪ್ರತಿ ಕೇಳಬೇಕು: ಈ ನಂಬರಿನ ಬಸ್ಸುಗಳ ಕಳೆದ ಮೂರು ತಿಂಗಳ ತೊಳೆದ ರಿಜಿಸ್ಟರ್, ಸೀಟು ರಿಪೇರಿ ಜಾಬ್ ಕಾರ್ಡ್, ಹೊಗೆ ತಪಾಸಣೆ ಪ್ರಮಾಣಪತ್ರ. 30 ದಿನದಲ್ಲಿ ಉತ್ತರ ಕೊಡಬೇಕು.

ಡೀಸೆಲ್ ಮೆಕ್ಯಾನಿಕ್, 10:41
ಫಾರ್ಮಿನ್ಯಾಗ ಕಿಟಕಿ ಹಾಕಿತ್ತೋ ತೆರದಿತ್ತೋ ಅಂತ ಕಾಲಂ ಇಲ್ಲಲ್ರಿ ಸರ್. ಅದಿಲ್ದೇ ಹೊಗಿ ಬಾಗಿಲಿಂದ ಬಂತೋ ಜಾಯಿಂಟಿಂದ ಬಂತೋ ತಿಳಿಯಂಗಿಲ್ಲ.

ನಿರ್ವಾಹಕರು, 10:44
ಸೇರ್ಸೀನಿ. ಹಿಂದಿನ ಬಾಗಿಲಿಗೂ ಒಂದು ಕಾಲಂ ಹಾಕೀನಿ. 40 ಪ್ರತಿ ಝೆರಾಕ್ಸ್ ಸಂಜಿ 6ಕ್ಕ ಹಾಲಿನ ಬೂತಿನ್ಯಾಗ ಇರ್ತಾವ, ನಾಳೆ ಮೊದಲ ಟ್ರಿಪ್ಪಿನಿಂದ ತುಂಬ್ರಿ.