ದೊಡ್ಡ ಫೈಲ್ ಓದುವಾಗ ವಿಂಡೋ ಹ್ಯಾಂಗ್: ಪೈಕ್ಯೂಟಿ6 ಬಿಡಬೇಕೇ?

ಚೇತನ್: 2 ಜಿಬಿ ಸಿಎಸ್‌ವಿ ಫೈಲ್ ಓದಿ ಟೇಬಲ್‌ನಲ್ಲಿ ತೋರಿಸುವ ಅಪ್ಲಿಕೇಶನ್ ಇದು, ಪೈಕ್ಯೂಟಿ6ರಲ್ಲಿ (ಕ್ಯೂಟಿ ಎಂಬ ವಿಂಡೋ ಕಟ್ಟುವ ಟೂಲ್‌ಕಿಟ್‌ನ ಪೈಥಾನ್ ರೂಪ) ಬರೆದದ್ದು. ಬಟನ್ ಒತ್ತಿದೊಡನೆ ವಿಂಡೋ ಹ್ಯಾಂಗ್. ಸೋರ್ಸ್ ಕೊಡದೆ ಮಾರುವ ಉದ್ದೇಶವಿದೆ. ಡಬ್ಲ್ಯೂಎಕ್ಸ್‌ಪೈಥಾನ್‌ಗೆ ಬದಲಾಯಿಸಿದರೆ ಸರಿಹೋದೀತೇ?

ನಿರ್ಮಲಾ: ಹೋಗದು. ಯಾವ ಟೂಲ್‌ಕಿಟ್ ಆದರೂ ಈವೆಂಟ್ ಲೂಪ್ (ಕ್ಲಿಕ್, ಪೇಂಟ್ ಮುಂತಾದವನ್ನು ಒಂದೊಂದಾಗಿ ನಡೆಸುವ ಸುತ್ತು) ಓಡುವುದು ಒಂದೇ ಥ್ರೆಡ್‌ನಲ್ಲಿ. ನಿಮ್ಮ ಸ್ಲಾಟ್ (ಬಟನ್ ಒತ್ತಿದಾಗ ಓಡುವ ಫಂಕ್ಷನ್) ಮುಗಿಯುವ ತನಕ ಪೇಂಟ್, ಕ್ಲಿಕ್ ಎಲ್ಲವೂ ಕಾಯುತ್ತವೆ. ಓದುವ ಕೆಲಸವನ್ನು ಒಂದು ಕ್ಯೂಆಬ್ಜೆಕ್ಟ್ ವರ್ಕರ್‌ಗೆ ಹಾಕಿ, ಮೂವ್‌ಟುಥ್ರೆಡ್ ಮೂಲಕ ಕ್ಯೂಥ್ರೆಡ್‌ಗೆ ಒಪ್ಪಿಸಿ. ವರ್ಕರ್‌ಗೆ ಪೇರೆಂಟ್ (ಒಡೆಯ ಆಬ್ಜೆಕ್ಟ್) ಕೊಡಬೇಡಿ, ಕೊಟ್ಟರೆ ಥ್ರೆಡ್ ಬದಲಾಗುವುದೇ ಇಲ್ಲ. ವರ್ಕರ್, ಥ್ರೆಡ್ ಎರಡನ್ನೂ ಸೆಲ್ಫ್‌ಗೆ ಕಟ್ಟಿಡಿ. ಲೋಕಲ್ ವೇರಿಯಬಲ್ ಆದರೆ ಫಂಕ್ಷನ್ ಮುಗಿದೊಡನೆ ಆಬ್ಜೆಕ್ಟ್ ಅಳಿದು, ಓಡುತ್ತಿದ್ದ ಥ್ರೆಡ್ ಜೊತೆ ಇಡೀ ಅಪ್ಲಿಕೇಶನ್ ಬೀಳುತ್ತದೆ.

ವಿನಾಯಕ: ಇಷ್ಟೆಲ್ಲ ಯಾಕೆ ಮೇಡಂ? ಓದುವ ಲೂಪ್ ಒಳಗೆ, ಕಾದಿರುವ ಈವೆಂಟ್‌ಗಳನ್ನು ನಡೆಸುವ ಪ್ರೋಸೆಸ್‌ಈವೆಂಟ್ಸ್ ಕರೆದರೆ ಸಾಲದೇ?

ನಿರ್ಮಲಾ: ಸಾಲದು. ಓದು ನಡೆಯುತ್ತಿರುವಾಗಲೇ ಬಳಕೆದಾರರು ಮತ್ತೆ ಬಟನ್ ಒತ್ತಿದರೆ ಅದೇ ಫಂಕ್ಷನ್ ತನ್ನೊಳಗೇ ಇನ್ನೊಮ್ಮೆ ಶುರುವಾಗುತ್ತದೆ.

ಇಮ್ರಾನ್: ಥ್ರೆಡ್ ಹಾಕಿದರೂ ಕ್ಯೂಟೇಬಲ್‌ವಿಜೆಟ್ ಬಿಡದಿದ್ದರೆ ಪ್ರಯೋಜನವಿಲ್ಲ. ಅದು ಪ್ರತಿ ಸೆಲ್‌ಗೂ ಒಂದು ಆಬ್ಜೆಕ್ಟ್ ಕೇಳುತ್ತದೆ, ಮೆಮೊರಿ ಅಲ್ಲೇ ಖಾಲಿ. ಕ್ಯೂಟೇಬಲ್‌ವ್ಯೂ ಜೊತೆ ಕ್ಯೂಅಬ್‌ಸ್ಟ್ರಾಕ್ಟ್‌ಟೇಬಲ್‌ಮಾಡೆಲ್ ಬಳಸಿ, ಆಗ ಪರದೆಯಲ್ಲಿ ಕಾಣುವ ಸೆಲ್‌ಗಳನ್ನಷ್ಟೇ ಕೇಳುತ್ತದೆ. ವರ್ಕರ್ ಸಾಲಿಗೊಂದು ಸಿಗ್ನಲ್ (ಸ್ಲಾಟ್ ಓಡಿಸುವ ಸಂದೇಶ) ಕಳಿಸಬಾರದು, ಮುಖ್ಯ ಥ್ರೆಡ್‌ನ ಸರದಿ ತುಂಬಿಹೋಗುತ್ತದೆ. ಸುಮಾರು 5,000 ಸಾಲುಗಳ ಕಂತು ಕಳಿಸಿ. ಮಾಡೆಲ್‌ಗೆ ಸೇರಿಸುವ ಕೆಲಸ ಮಾತ್ರ ಮುಖ್ಯ ಥ್ರೆಡ್‌ನಲ್ಲೇ, ಬಿಗಿನ್‌ಇನ್ಸರ್ಟ್‌ರೋಸ್ ಮತ್ತು ಎಂಡ್‌ಇನ್ಸರ್ಟ್‌ರೋಸ್ ನಡುವೆ. ಪಾರ್ಸಿಂಗ್ ಪೂರ್ತಿ ಪೈಥಾನ್ ಕೋಡ್ ಆಗಿದ್ದರೆ, ಒಮ್ಮೆಗೆ ಒಂದೇ ಥ್ರೆಡ್‌ಗೆ ಪೈಥಾನ್ ಓಡಿಸಲು ಬಿಡುವ ಬೀಗವಾದ ಜಿಐಎಲ್‌ಗಾಗಿ ಪೈಪೋಟಿ ಬಿದ್ದು ವಿಂಡೋ ತಡವರಿಸಬಹುದು. ಹಾಗಾದರೆ ಅದನ್ನು ಬೇರೆ ಪ್ರೋಸೆಸ್‌ಗೇ ಒಯ್ಯಿರಿ.

ಲಲಿತಾ: ಮಾರುವ ಮಾತನ್ನು ಯಾರೂ ಮುಟ್ಟಲಿಲ್ಲ. ಪೈಕ್ಯೂಟಿ6 ಸಿಗುವುದು ಜಿಪಿಎಲ್ 3 (ಹಂಚಿದರೆ ಸೋರ್ಸ್ ಕೊಡಬೇಕೆನ್ನುವ ಉಚಿತ ಲೈಸೆನ್ಸ್) ಅಥವಾ ಅದನ್ನು ರೂಪಿಸಿದ ರಿವರ್‌ಬ್ಯಾಂಕ್‌ನ ವಾಣಿಜ್ಯ ಲೈಸೆನ್ಸ್ ಅಡಿ. ಸೋರ್ಸ್ ಕೊಡುವುದಿಲ್ಲವೆಂದರೆ ವಾಣಿಜ್ಯ ಲೈಸೆನ್ಸ್ ಕೊಳ್ಳಿ, ಇಲ್ಲವೇ ನಿಮ್ಮ ಸೋರ್ಸ್ ಕೇಳದ ಎಲ್‌ಜಿಪಿಎಲ್‌ನಲ್ಲಿ ಸಿಗುವ, ಕ್ಯೂಟಿಯದೇ ಇನ್ನೊಂದು ಪೈಥಾನ್ ರೂಪವಾದ ಪೈಸೈಡ್6ಕ್ಕೆ ಬನ್ನಿ. ಬಹುಪಾಲು ಬದಲಾವಣೆ ಇಂಪೋರ್ಟ್ ಸಾಲುಗಳು ಮತ್ತು ಪೈಕ್ಯೂಟಿಸಿಗ್ನಲ್ ಜಾಗದಲ್ಲಿ ಸಿಗ್ನಲ್. ಆದರೆ ಚಾರ್ಟ್ ಬಿಡಿಸುವ ಕ್ಯೂಟಿ ಚಾರ್ಟ್ಸ್ ಉಚಿತವಾಗಿ ಸಿಗುವುದು ಜಿಪಿಎಲ್ ಅಡಿಯಲ್ಲೇ, ಅದನ್ನು ಸೇರಿಸುವ ಮುನ್ನ ಗಮನಿಸಿ.

ವಿನಾಯಕ: ಪೈಸೈಡ್‌ನಲ್ಲಿ ನನಗೆ ಹಿಡಿಸದ್ದು ಒಂದಿದೆ. ಸ್ಲಾಟ್ ಒಳಗೆ ಎಕ್ಸೆಪ್ಶನ್ ಬಂದರೆ ಕನ್ಸೋಲ್‌ನಲ್ಲಿ ಮುದ್ರಿಸಿ ಮುಂದೆ ಸಾಗುತ್ತದೆ. ಕನ್ಸೋಲ್ ಇಲ್ಲದ ಎಕ್ಸಿ (.exe) ಫೈಲಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಪೈಕ್ಯೂಟಿಯಾದರೆ ಅಪ್ಲಿಕೇಶನ್ ಅಲ್ಲೇ ನಿಲ್ಲುತ್ತದೆ.

ಲಲಿತಾ: ಅದು ಒಪ್ಪುವ ಮಾತು. ಎರಡರಲ್ಲೂ, ಯಾರೂ ಹಿಡಿಯದ ಎಕ್ಸೆಪ್ಶನ್ ಬಂದಾಗ ಓಡುವ, ಸಿಸ್ ಮಾಡ್ಯೂಲ್‌ನ ಎಕ್ಸೆಪ್ಟ್‌ಹುಕ್‌ಗೆ ನಿಮ್ಮದೇ ಫಂಕ್ಷನ್ ಕೊಟ್ಟು ಲಾಗ್ ಫೈಲ್‌ಗೆ ಬರೆಸಿ.

ನಿರ್ಮಲಾ: ವಿಂಡೋ ಮುಚ್ಚುವಾಗ ಓಡುವ ಕ್ಲೋಸ್‌ಈವೆಂಟ್ ಮರೆಯಬೇಡಿ. ಕ್ವಿಟ್ ಕರೆದ ಮಾತ್ರಕ್ಕೆ ಓದುವ ಲೂಪ್ ನಿಲ್ಲದು. ಪ್ರತಿ ಕಂತಿಗೂ ನಿಲುಗಡೆಯ ಫ್ಲ್ಯಾಗ್ ನೋಡುವಂತೆ ಬರೆಯಿರಿ, ಆಮೇಲೆ ಕ್ವಿಟ್, ವೇಟ್.

ಇಮ್ರಾನ್: ಮಾರಲು ಪ್ಯಾಕ್ ಮಾಡುವಾಗ, ಪೈಥಾನ್ ಕೋಡನ್ನು ಅಪ್ಲಿಕೇಶನ್ ಆಗಿ ಕಟ್ಟುವ ಪೈಇನ್‌ಸ್ಟಾಲರ್‌ನ ಒನ್‌ಡಿರ್ (ಎಲ್ಲವೂ ಒಂದು ಫೋಲ್ಡರ್‌ನಲ್ಲಿ) ಆರಿಸಿ. ಒನ್‌ಫೈಲ್ ಪ್ರತಿ ಸಲವೂ ತಾತ್ಕಾಲಿಕ ಫೋಲ್ಡರ್‌ಗೆ ಬಿಚ್ಚಿಕೊಳ್ಳುವುದರಿಂದ ತೆರೆಯಲು ತಡ. ಒನ್‌ಡಿರ್‌ನಲ್ಲಿ ಕ್ಯೂಟಿ ಲೈಬ್ರರಿಗಳು ಬಿಡಿಯಾಗಿ ಇರುವುದರಿಂದ ಅವನ್ನು ಬದಲಿಸಲು ಬಿಡಬೇಕೆಂಬ ಎಲ್‌ಜಿಪಿಎಲ್ ಷರತ್ತು ಪಾಲಿಸುವುದೂ ಸುಲಭ. ಉಬುಂಟುವಿನಲ್ಲಿ, ವಿಂಡೋ ತೋರಿಸಲು ಕ್ಯೂಟಿ ಬಳಸುವ ಎಕ್ಸ್‌ಸಿಬಿ ಪ್ಲಗಿನ್ ಲೋಡ್ ಆಗಲಿಲ್ಲವೆಂದರೆ ಮೊದಲು ಲಿಬ್‌ಎಕ್ಸ್‌ಸಿಬಿ-ಕರ್ಸರ್0 ಪ್ಯಾಕೇಜ್ ಇದೆಯೇ ನೋಡಿ, ಕ್ಯೂಟಿ 6.5ರಿಂದ ಅದು ಬೇಕೇ ಬೇಕು.